ಕಸದ ನಾತಕ್ಕೆ ಮುನ್ಸಿಫ್ ಕೋರ್ಟಾ, ಚೆನ್ನೈಯಾ?

ಮನೆಯ ಹತ್ತಿರ ಊರಿನ ಕಸವೆಲ್ಲ ತಂದು ಸುರಿಯುತ್ತಾರೆ, ನಾತಕ್ಕೆ ಊಟ ಸೇರುವುದಿಲ್ಲ, ಕಾಸರಗೋಡಿನ ಮುನ್ಸಿಫ್ ಕೋರ್ಟಿನಲ್ಲಿ ದಾವೆ ಹಾಕಬಹುದಾ ಎಂದು ಕೇಳಿದ್ದೀರಿ. ನಾನು ವಕೀಲೆಯಲ್ಲ. ಇದೇ ಜಿಲ್ಲೆಯಲ್ಲಿ ಇಂಥದೇ ನಾತಕ್ಕಾಗಿ ನಾಲ್ಕು ವರ್ಷ ಅಲೆದವಳು. ದಯವಿಟ್ಟು ಮೊದಲು ಅಲ್ಲಿಗೆ ಹೋಗಬೇಡಿ.

ನಾವು ಹೋಗಿದ್ದೆವು. ನಮ್ಮ ಮನೆಯ ಮೇಲ್ಗಡೆ ಹಳೆಯ ಕೆಂಪುಕಲ್ಲಿನ ಕೋರೆ ಇದೆ. ಅದಕ್ಕೆ ಲೋಡುಗಟ್ಟಲೆ ಕಸ ಬೀಳತೊಡಗಿತು. ಆಟಿ ತಿಂಗಳ ಮಳೆಗೆ ಕಪ್ಪು ನೀರು ಇಳಿದು ನಮ್ಮ ಸುರಂಗದ ನೀರೂ ನಾರಿತು. ಕುಡಿಯುವ ನೀರಿಗೆಂದು ಗುಡ್ಡದೊಳಗೆ ಅಜ್ಜ ತೋಡಿಸಿದ ಸುರಂಗ ಅದು. ಸಿಟ್ಟಿನಲ್ಲಿ ಏಳು ಮನೆಯವರು ಸೇರಿ ದಾವೆ ಹಾಕಿದೆವು. ಎದುರು ಪಕ್ಷದ ವಕೀಲರು ನಾತ ಇದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಇದನ್ನು ಕೇಳುವ ಅಧಿಕಾರ ಈ ಕೋರ್ಟಿಗಿಲ್ಲ ಎಂದರು, ಅಷ್ಟೇ. ಅದೊಂದರ ಮೇಲೆಯೇ ಒಂದೂವರೆ ವರ್ಷ ಹೋಯಿತು. ಕೊನೆಗೆ ಅವರ ಮಾತೇ ನಿಂತಿತು.

ಅವರು ಹಿಡಿದದ್ದು 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯಿದೆಯ 29ನೇ ಸೆಕ್ಷನ್. ಪರಿಸರದ ವ್ಯಾಜ್ಯಗಳಿಗೆಂದೇ ಇರುವ ಈ ಮಂಡಳಿ ತೀರ್ಮಾನಿಸಬಹುದಾದ ವ್ಯಾಜ್ಯವನ್ನು ಮುನ್ಸಿಫ್ ಕೋರ್ಟಿನಂಥ ಸಿವಿಲ್ ಕೋರ್ಟು ಕೇಳುವಂತಿಲ್ಲ. ನಾತ ಎಂದರೆ 1981ರ ವಾಯು ಕಾಯಿದೆ ಬರುತ್ತದೆ, ಕಪ್ಪು ನೀರು ಎಂದರೆ 1974ರ ಜಲ ಕಾಯಿದೆ. ಎರಡೂ ಮಂಡಳಿಯ ಪಟ್ಟಿಯಲ್ಲಿವೆ. ಕೇರಳದ ವ್ಯಾಜ್ಯಗಳನ್ನು ಕೇಳುವ ಪೀಠ ಚೆನ್ನೈಯಲ್ಲಿದೆ.

ಅವಧಿಯನ್ನು ಮಾತ್ರ ಮರೆಯಬೇಡಿ. ವ್ಯಾಜ್ಯ ತೀರಿಸಿಕೊಡಿ ಎಂದು ಮಂಡಳಿಗೆ ಹಾಕುವ 14ನೇ ಸೆಕ್ಷನ್ನಿನ ಅರ್ಜಿಗೆ 6 ತಿಂಗಳು, ತಕ್ಕ ಕಾರಣ ಇದ್ದರೆ ಇನ್ನು 60 ದಿನ. ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ ಲೆಕ್ಕ. ನಮಗೆ ತಾಳ್ಮೆ ತಪ್ಪಿದ ದಿನದಿಂದ ಅಲ್ಲ. ನಮ್ಮ 6 ತಿಂಗಳು ಮುನ್ಸಿಫ್ ಕೋರ್ಟಿನ ವರಾಂಡದಲ್ಲೇ ಮುಗಿದಿತ್ತು. ಪರಿಹಾರ ಕೇಳಲು, ಹಾಳಾದ ಜಾಗ ಸರಿಮಾಡಿಸಲು 15ನೇ ಸೆಕ್ಷನ್ನಿನಲ್ಲಿ 5 ವರ್ಷ ಇದೆ. ನಾವು ಉಳಿದದ್ದು ಅದರಿಂದ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಕೇಳಿದರೆ ಆ ಮೊತ್ತದ ನೂರಕ್ಕೆ ಒಂದು ಪಾಲು. ಹಾಗಾಗಿ ಸುಮ್ನೆ ದೊಡ್ಡ ಮೊತ್ತ ಬರೆಯಬೇಡಿ.

ಹೈಕೋರ್ಟಿನ ಬಾಗಿಲು ಮುಚ್ಚಿಲ್ಲ. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರಂನ ಕಸದ ರಾಶಿಗೆ ಬೆಂಕಿ ಬಿದ್ದಾಗ ಎರ್ನಾಕುಳಂನ ಹೈಕೋರ್ಟು ತಾನಾಗಿ ಕೇಸು ಎತ್ತಿಕೊಂಡಿತು. ಹಸಿರು ಮಂಡಳಿಯೂ ಕೊಚ್ಚಿ ಕಾರ್ಪೊರೇಷನ್ನಿಗೆ 100 ಕೋಟಿ ರೂಪಾಯಿ ಕಟ್ಟಲು ಹೇಳಿತು. ಆದರೆ ನಮ್ಮಂಥವರು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರೆ, ಮಂಡಳಿಗೆ ಯಾಕೆ ಹೋಗಲಿಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ.

ನಾತ ಬೇಗ ನಿಲ್ಲಬೇಕು, ಅಲ್ವಾ? ಹಾಗಾದರೆ ಕಂದಾಯ ವಿಭಾಗದ ಅಧಿಕಾರಿಗೂ (ಆರ್‌ಡಿಓ) ಒಂದು ದೂರು ಕೊಡಿ. ಸಾರ್ವಜನಿಕ ಉಪದ್ರವ ತೆಗೆಸುವ ಅಧಿಕಾರ ಅವರಿಗಿದೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133ನೇ ಸೆಕ್ಷನ್ ಇತ್ತು, 2024ರ ಜುಲೈಯಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್. ದುಡ್ಡಿಲ್ಲ ಎಂಬ ನೆಪವನ್ನು ಸ್ಥಳೀಯ ಸಂಸ್ಥೆ ಹೇಳಿದರೆ ಸುಪ್ರೀಂ ಕೋರ್ಟಿನ 1980ರ ರತ್ಲಾಂ ತೀರ್ಪು ತೋರಿಸಿ. ಅದು ಸಬೂಬೇ ಅಲ್ಲ ಎಂದು ರತ್ಲಾಂ ನಗರಸಭೆಗೆ ಹೇಳಿದವರು ನಮ್ಮ ಪಕ್ಕದ ತಲಶ್ಶೇರಿಯಲ್ಲಿ ವಕೀಲರಾಗಿದ್ದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ಆ ತೀರ್ಪು ಓದಿದ ದಿನ ನನಗೆ ಎಷ್ಟು ಧೈರ್ಯ ಬಂತು ಗೊತ್ತಾ!

ನಾತವನ್ನು ಫೋಟೋ ತೆಗೆಯಲಾಗುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನ, ಹೊತ್ತು, ಗಾಳಿ ಯಾವ ಕಡೆಯದು, ಮನೆಯಲ್ಲಿ ಯಾರಿಗೆ ಏನಾಯಿತು ಎಂದು ಬರೆದಿಡಿ. ಬಾವಿಯ ನೀರು ಪರೀಕ್ಷೆ ಮಾಡಿಸಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರನ್ನು ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಭಾಷಾ ಕಾಯಿದೆ ನಮಗೆ ಕೊಟ್ಟಿದೆ. ಚೆನ್ನೈಗೆ ಮಾತ್ರ ಎಲ್ಲ ಇಂಗ್ಲಿಷಿನಲ್ಲಿ ಬೇಕು. ಅನುವಾದಕ್ಕೆ ಈಗಲೇ ಯಾರನ್ನಾದರೂ ಹುಡುಕಿ.

ಮೊದಲ ಲೋಡು ಬಿದ್ದದ್ದು ಯಾವ ತಿಂಗಳು? ಅದನ್ನು ಕೆಳಗೆ ಬರೆಯಿರಿ. 14ನೇ ಸೆಕ್ಷನ್ನಿಗೆ ಇನ್ನೂ ಸಮಯ ಇದೆಯಾ ಎಂದು ಲೆಕ್ಕ ಹಾಕೋಣ.