ಪ್ರತಿಕ್ರಿಯೆ: ಭಾನುವಾರದ ಆರಾಧನೆ ಮತ್ತು ಪ್ರಯೋಗಾಲಯ
ಜೀವಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗ, ಅರೆಕಾಲಿಕ ಕೆಲಸ ಮತ್ತು ವ್ಯಾಯಾಮದ ನಡುವೆ ಚರ್ಚಿನ ಭಾನುವಾರದ ಆರಾಧನೆ ತಪ್ಪದಂತೆ ನೋಡಿಕೊಳ್ಳುವುದು ಹೇಗೆಂದು ಕೇಳಿದ್ದೀರಿ. ನಿಮ್ಮ ವಾರವನ್ನು ನಿರ್ಧರಿಸುವುದು ತರಗತಿಗಳಿಗಿಂತ ಹೆಚ್ಚಾಗಿ ಪ್ರಯೋಗಾಲಯದಲ್ಲಿ ನೀವು ಬೆಳೆಸುವ ಜೀವಕೋಶಗಳೇ ಆದ್ದರಿಂದ ಅಲ್ಲಿಂದಲೇ ಆರಂಭಿಸಿ. ಎರಡು ಮೂರು ದಿನಕ್ಕೊಮ್ಮೆ ಹೊಸ ಫ್ಲಾಸ್ಕಿಗೆ ವರ್ಗಾಯಿಸಬೇಕಾದ ಕೋಶಗಳನ್ನು ಶುಕ್ರವಾರ ಸಂಜೆ ಎಂದಿಗಿಂತ ಕಡಿಮೆ ಸಂಖ್ಯೆಯಲ್ಲಿ ಹಾಕಿದರೆ, ಅವು ಸಾಮಾನ್ಯವಾಗಿ ಸೋಮವಾರದವರೆಗೆ ಫ್ಲಾಸ್ಕ್ ತುಂಬುವುದಿಲ್ಲ. ಭಾನುವಾರ ಬೆಳಿಗ್ಗೆ ಅತ್ತ ಓಡುವ ಪ್ರಮೇಯವೂ ಬರುವುದಿಲ್ಲ. ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಯಂತ್ರವು ಒಂದೆರಡು ಗಂಟೆ ತಾನಾಗಿಯೇ ನಡೆದು, ಮುಗಿದ ಮೇಲೆ ಮಾದರಿಯನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯ್ದಿಡುವುದರಿಂದ, ಆ ಹೊತ್ತಿನಲ್ಲಿ ಬಿರುಸಾಗಿ ನಡೆದು ಬರಬಹುದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸುವ ವಾರಕ್ಕೆ ಕನಿಷ್ಠ 150 ನಿಮಿಷಗಳ ವ್ಯಾಯಾಮದ ಬಹುಪಾಲು ಹೀಗೆಯೇ ಕೂಡಿಬರುತ್ತದೆ (ಪ್ರಯೋಗಾಲಯದಲ್ಲಿ ನಿಂತೇ ಇರುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ). ಚರ್ಚಿನಲ್ಲಿ ಸದ್ಯಕ್ಕೆ ಒಂದೇ ಜವಾಬ್ದಾರಿ ಇಟ್ಟುಕೊಳ್ಳಿ. ಪರೀಕ್ಷೆಯ ವಾರಗಳಲ್ಲಿ ಪಾಳಿ ಬದಲಿಸಬೇಕಾಗುತ್ತದೆಂದು ಕೆಲಸದ ಮೇಲಧಿಕಾರಿಗೆ ಸೆಮಿಸ್ಟರಿನ ಆರಂಭದಲ್ಲೇ ತಿಳಿಸಿಬಿಡಿ.