ಓದುಗರ ಪ್ರಶ್ನೆಗಳಿಗೆ ಉತ್ತರ: ಹೊಸ್ತಿಲ ಸ್ವಸ್ತಿಕವೂ ಹಿಟ್ಲರನ ಬಾವುಟವೂ

ಪ್ರಶ್ನೆ: ನನ್ನ ಮಗಳು ಮತ್ತು ಅಳಿಯ ಜರ್ಮನಿಯ ಸ್ಟುಟ್‌ಗಾರ್ಟ್ ಸಮೀಪ ಮನೆ ಕೊಂಡಿದ್ದಾರೆ. ಗೃಹಪ್ರವೇಶಕ್ಕೆಂದು ಹೋದಾಗ ಮುಂಬಾಗಿಲಿನ ಮೇಲೆ ಕುಂಕುಮದಿಂದ ಸ್ವಸ್ತಿಕ ಬರೆಯಲು ಹೊರಟ ನನ್ನನ್ನು ಮಗಳು ತಡೆದಳು. "ದೇವರ ಕೋಣೆಯಲ್ಲಿ ಎಷ್ಟು ಬೇಕಾದರೂ ಬರೆಯಮ್ಮ, ರಸ್ತೆಗೆ ಕಾಣುವ ಕಡೆ ಮಾತ್ರ ಬೇಡ" ಎಂದಳು. ಸಾವಿರಾರು ವರ್ಷಗಳಿಂದ ನಮ್ಮದಾಗಿರುವ ಮಂಗಳ ಚಿಹ್ನೆಯನ್ನು ಯಾರೋ ಇಪ್ಪತ್ತೈದು ವರ್ಷ ದುರುಪಯೋಗ ಮಾಡಿದರೆಂದು ನಾವೇಕೆ ಬಚ್ಚಿಡಬೇಕು?
– ಶಿವಮೊಗ್ಗದ ಓದುಗರೊಬ್ಬರು

ಉತ್ತರ: ನಿಮ್ಮ ಮಗಳ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಹಾಗೆಂದು ನಿಮಗಾದ ನೋವು ಅಕಾರಣವಾದುದೇನೂ ಅಲ್ಲ. ಆದ್ದರಿಂದ ಈ ಚಿಹ್ನೆಗೆ ಕಳಂಕ ಹತ್ತಿದ ಬಗೆಯನ್ನು ಸ್ವಲ್ಪ ವಿವರವಾಗಿಯೇ ನೋಡುವುದು ಒಳ್ಳೆಯದು.

ಹಿಟ್ಲರನು ಸ್ವಸ್ತಿಕವನ್ನು ಭಾರತದಿಂದ ಕದ್ದನೆಂಬ ಮಾತು ನಮ್ಮಲ್ಲಿ ಪದೇ ಪದೇ ಕೇಳಿಬರುತ್ತದೆ. ನಡೆದದ್ದು ಅಷ್ಟು ನೇರವಾಗಿರಲಿಲ್ಲ. ಆ ಆಕೃತಿ ಯುರೋಪಿನ ನೆಲದಲ್ಲೂ ಪುರಾತನವಾದುದೇ. 1870ರ ದಶಕದಲ್ಲಿ ಜರ್ಮನ್ ಉತ್ಖನನಕಾರ ಹೈನ್ರಿಖ್ ಶ್ಲೀಮನ್ ಈಗಿನ ಟರ್ಕಿಯಲ್ಲಿರುವ ಹಿಸಾರ್ಲಿಕ್ ದಿಬ್ಬವನ್ನು ಅಗೆಸಿ, ಗ್ರೀಕ್ ಕವಿ ಹೋಮರನು ಹಾಡಿದ ಟ್ರಾಯ್ ನಗರ ಇದೇ ಎಂದು ಸಾರಿದಾಗ, ನೂಲುವ ಕದಿರಿಗೆ ಸಿಕ್ಕಿಸುವ ಮಣ್ಣಿನ ಬಿಲ್ಲೆಗಳ ಮೇಲೆ ಈ ಗುರುತು ಮತ್ತೆ ಮತ್ತೆ ಕಾಣಿಸಿತು. ಅದರ ಅರ್ಥವೇನೆಂದು ಅವನು ವಿದ್ವಾಂಸರನ್ನು ಕೇಳಿದ. ಋಗ್ವೇದವನ್ನು ಸಂಪಾದಿಸಿದ ಮ್ಯಾಕ್ಸ್ ಮುಲ್ಲರ್ ಬರೆದ ಉತ್ತರ 1880ರಲ್ಲಿ ಶ್ಲೀಮನ್ನನ ಗ್ರಂಥದಲ್ಲಿಯೇ ಅಚ್ಚಾಯಿತು. ಭಾರತದ ಹೊರಗಿನ ಗುರುತುಗಳನ್ನು ಸ್ವಸ್ತಿಕವೆಂಬ ಹೆಸರಿನಿಂದ ಕರೆಯುವುದು ತನಗೆ ಹಿಡಿಸುವುದಿಲ್ಲ, ಏಕೆಂದರೆ ಆ ಹೆಸರಿಗೆ ಭಾರತದಲ್ಲಿ ತನ್ನದೇ ಆದ ಚರಿತ್ರೆಯೂ ಅರ್ಥವೂ ಇವೆ ಎಂದು ಅವರು ಅದರಲ್ಲಿ ಎಚ್ಚರಿಸಿದ್ದರು. ಆ ಎಚ್ಚರಿಕೆಗೆ ಯಾರೂ ಕಿವಿಗೊಡಲಿಲ್ಲ. ಟ್ರಾಯ್, ಪ್ರಾಚೀನ ಜರ್ಮನಿ, ಭಾರತ ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ, ಇದು 'ಆರ್ಯ ಜನಾಂಗ'ದ ಮುದ್ರೆಯೆಂದು ವಾದಿಸುವವರು ಹುಟ್ಟಿಕೊಂಡರು. ಸಂಸ್ಕೃತಕ್ಕೂ ಯುರೋಪಿನ ಭಾಷೆಗಳಿಗೂ ಇರುವ ನಂಟನ್ನು ರಕ್ತದ ನಂಟೆಂದು ಮಾಡಿದ ಆ ಒಂದು ಜಿಗಿತದಲ್ಲಿಯೇ ಅನರ್ಥದ ಬೀಜವಿತ್ತು ಎಂದು ನನಗೆ ತೋರುತ್ತದೆ. ಯಹೂದ್ಯರನ್ನು ದ್ವೇಷಿಸುವ ಜರ್ಮನ್ ಮತ್ತು ಆಸ್ಟ್ರಿಯನ್ ಗುಂಪುಗಳು ಈ ಚಿಹ್ನೆಯನ್ನು ಎತ್ತಿಕೊಂಡವು. 1918ರಲ್ಲಿ ಮ್ಯೂನಿಕ್‌ನಲ್ಲಿ ಆರಂಭವಾದ ಥೂಲೆ ಸಂಘದ ಲಾಂಛನದಲ್ಲಿ ಅದಿತ್ತು. 1920ರಲ್ಲಿ ನಾಜಿ ಪಕ್ಷದ ಬಾವುಟಕ್ಕೆ ಬಂತು. ಹಿಟ್ಲರ್ ಬಾಲ್ಯದಲ್ಲಿ ಆಸ್ಟ್ರಿಯದ ಲಾಂಬಾಖ್ ಮಠದಲ್ಲಿ ಇಂಥ ಗುರುತನ್ನು ದಿನವೂ ಕಂಡಿದ್ದಿರಬೇಕು. ಆದರೆ ಬಾವುಟದ ಮೂಲ ಅಲ್ಲಿದೆ ಎಂದು ಹೇಳಲು ಆಧಾರವಿಲ್ಲ.

ಇದೇ ಕಾಲದಲ್ಲಿ ಪಾಶ್ಚಾತ್ಯ ಜಗತ್ತಿನ ಉಳಿದ ಕಡೆ ಇದು ಕೇವಲ ಅದೃಷ್ಟದ ಗುರುತಾಗಿತ್ತು ಎಂಬುದನ್ನು ಮರೆಯಬಾರದು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿ ಇದನ್ನು ಬಳಸುತ್ತಿತ್ತು. ರಡ್ಯಾರ್ಡ್ ಕಿಪ್ಲಿಂಗನ ಪುಸ್ತಕಗಳ ಮೇಲೆ ಗಣಪತಿಯ ಆನೆಮುಖದ ಜೊತೆಗೆ ಇದು ಇರುತ್ತಿತ್ತು, ಮುಂದೆ ಅವನೇ ತೆಗೆಸಿಹಾಕಿದ. 1918ರಲ್ಲಿ ಸ್ವೀಡನ್ನಿನ ಕೌಂಟ್ ಎರಿಕ್ ಫಾನ್ ರೋಸೆನ್ ಫಿನ್ಲೆಂಡಿಗೆ ದಾನ ಕೊಟ್ಟ ವಿಮಾನದ ಮೇಲೆ ನೀಲಿ ಸ್ವಸ್ತಿಕವಿದ್ದ ಕಾರಣ, ಆ ದೇಶದ ವಾಯುಪಡೆಯ ಗುರುತೇ ಅದಾಗಿ, 1945ರವರೆಗೆ ಅಲ್ಲಿನ ಯುದ್ಧವಿಮಾನಗಳ ಮೇಲೆ ಉಳಿಯಿತು.

ಹಾಗಾದರೆ ಇಷ್ಟೊಂದು ಅರ್ಥಗಳಲ್ಲಿ ಒಂದೇ ಅರ್ಥ ಉಳಿದು ಮಿಕ್ಕವು ಅಳಿದದ್ದು ಹೇಗೆ? ಕಳಂಕ ತಾನಾಗಿ ಹರಡಲಿಲ್ಲ, ಆಳುವವರು ಅದನ್ನು ಕಾನೂನಿನ ಬಲದಿಂದ ಹರಡಿದರು. ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ, 1933ರ ಮೇ 19ರಂದು, ನಾಜಿ ಸರ್ಕಾರವು ರಾಷ್ಟ್ರೀಯ ಲಾಂಛನಗಳ ರಕ್ಷಣೆಯ ಕಾಯಿದೆ ತಂದು, ಸ್ವಸ್ತಿಕವನ್ನು ಕಂಡಕಂಡ ಮಾರಾಟದ ಸರಕುಗಳ ಮೇಲೆ ಹಾಕುವುದನ್ನು ನಿಷೇಧಿಸಿತು. ಎಂದರೆ ಆ ಗುರುತಿನ ಅರ್ಥವನ್ನು ನಿರ್ಧರಿಸುವ ಹಕ್ಕು ಸರ್ಕಾರಕ್ಕೆ ಮಾತ್ರ ಸೇರಿತು. 1935ರ ಸೆಪ್ಟೆಂಬರ್ 15ರಂದು ನ್ಯೂರೆಂಬರ್ಗ್‌ನಲ್ಲಿ ಅದು ದೇಶದ ಏಕೈಕ ರಾಷ್ಟ್ರಧ್ವಜವಾಯಿತು. ಯಹೂದ್ಯರು ಜರ್ಮನರನ್ನು ಮದುವೆಯಾಗಬಾರದೆಂಬ ಕಾಯಿದೆಯೂ ಅದೇ ದಿನ ಬಂತು, ಮತ್ತು ಯಹೂದ್ಯರು ಆ ಧ್ವಜವನ್ನು ಹಾರಿಸಕೂಡದೆಂಬ ವಿಧಿಯೂ ಆ ಕಾಯಿದೆಯಲ್ಲಿಯೇ ಇತ್ತು. ಹೀಗೆ ಬಾವುಟವೇ ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಗಡಿಗೆರೆಯಾಯಿತು. ಮುಂದೆ ಮನೆ ಬಾಗಿಲು ಬಡಿದ ಅಧಿಕಾರಿಯ ಕೈಪಟ್ಟಿ, ಗಡೀಪಾರಿನ ಆದೇಶದ ಮೊಹರು, ಶಿಬಿರದ ಕಾವಲುಗಾರನ ಟೋಪಿ, ಎಲ್ಲದರ ಮೇಲೂ ಅದೇ ಇತ್ತು. ಸುಮಾರು 60 ಲಕ್ಷ ಯಹೂದ್ಯರು ಕೊಲ್ಲಲ್ಪಟ್ಟರು. ನೀವು ಇಪ್ಪತ್ತೈದು ವರ್ಷವೆಂದು ಲೆಕ್ಕ ಹಾಕಿದ್ದೀರಿ. ಬದುಕಿ ಉಳಿದವರ ಮನೆಗಳಲ್ಲಿ ಆ ಲೆಕ್ಕ ಮೊಮ್ಮಕ್ಕಳವರೆಗೂ ಮುಂದುವರಿದಿದೆ.

ಇನ್ನು ಕಾನೂನಿನ ವಿಷಯ. ಜರ್ಮನ್ ದಂಡಸಂಹಿತೆಯ 86ಎ ಕಲಮಿನ ಪ್ರಕಾರ, ನಿಷೇಧಿತ ಸಂಘಟನೆಗಳ ಚಿಹ್ನೆಗಳನ್ನು ಬಹಿರಂಗವಾಗಿ ಬಳಸಿದರೆ ದಂಡ ಅಥವಾ ಮೂರು ವರ್ಷಗಳವರೆಗಿನ ಸೆರೆವಾಸವಿದೆ. ಕಲೆ, ವಿಜ್ಞಾನ, ಸಂಶೋಧನೆ, ಬೋಧನೆ, ಇತಿಹಾಸ ಮತ್ತು ಪ್ರಚಲಿತ ಘಟನೆಗಳ ವರದಿ ಹಾಗೂ ಇಂಥದೇ ಉದ್ದೇಶಗಳಿಗೆ ವಿನಾಯಿತಿ ಇದೆ. ಧಾರ್ಮಿಕ ಬಳಕೆಯನ್ನು 'ಇಂಥದೇ ಉದ್ದೇಶ' ಎಂದು ವಾದಿಸಬಹುದು, ಆದರೆ ವಾದಿಸಬೇಕಾದ ಪ್ರಸಂಗ ಬರುವುದೇ ತೊಂದರೆಯ ಸಂಗತಿ. ಈ ಕಲಮಿನ ಬಿಗಿ ಎಷ್ಟೆಂಬುದಕ್ಕೆ ನಿಮ್ಮ ಮಗಳಿರುವ ಪ್ರದೇಶದ್ದೇ ಒಂದು ಉದಾಹರಣೆ ಇದೆ: ಸ್ವಸ್ತಿಕವನ್ನು ಅಡ್ಡಗೆರೆಯಿಂದ ಹೊಡೆದುಹಾಕಿದ, ನಾಜಿವಿರೋಧಿ ಬಿಲ್ಲೆಗಳನ್ನು ಮಾರಿದ ವ್ಯಾಪಾರಿಯೊಬ್ಬರಿಗೇ ಸ್ಟುಟ್‌ಗಾರ್ಟ್‌ನ ನ್ಯಾಯಾಲಯ 2006ರಲ್ಲಿ ದಂಡ ವಿಧಿಸಿತ್ತು. ವಿರೋಧಿಸಲು ಬಳಸಿದರೆ ಅಪರಾಧವಲ್ಲವೆಂದು 2007ರಲ್ಲಿ ಮೇಲಿನ ನ್ಯಾಯಾಲಯ ಹೇಳಿದ ಮೇಲಷ್ಟೇ ಅವರಿಗೆ ಬಿಡುಗಡೆ ಸಿಕ್ಕಿತು.

ಹಾಗೆಂದು ಎಲ್ಲವನ್ನೂ ಬಿಟ್ಟುಕೊಡಬೇಕೆಂದು ನಾನು ಹೇಳುತ್ತಿಲ್ಲ. 1940ರ ಫೆಬ್ರುವರಿಯಲ್ಲಿ ಅಮೆರಿಕದ ಅರಿಜೋನಾದಲ್ಲಿ ನವಾಹೊ, ಹೋಪಿ, ಅಪಾಚೆ, ಪಾಪಾಗೊ ಎಂಬ ನಾಲ್ಕು ಮೂಲನಿವಾಸಿ ಸಮುದಾಯಗಳ ಪ್ರತಿನಿಧಿಗಳು, ತಮ್ಮ ಪೂರ್ವಿಕರ ಸ್ನೇಹದ ಗುರುತಾಗಿದ್ದ ಇದನ್ನು ಬೇರೊಂದು ರಾಷ್ಟ್ರವು ಅಪವಿತ್ರಗೊಳಿಸಿದ ಕಾರಣ, ಇನ್ನು ಮುಂದೆ ಕಂಬಳಿ, ಬುಟ್ಟಿ, ಬಟ್ಟೆಗಳ ಮೇಲೆ ಹಾಕುವುದಿಲ್ಲವೆಂದು ಸಹಿ ಹಾಕಿದರು. ಅಪರಾಧದಲ್ಲಿ ಎಳ್ಳಷ್ಟೂ ಪಾಲಿಲ್ಲದವರು ತೆತ್ತ ಬೆಲೆ ಅದು. ನಮ್ಮ ಸಮುದಾಯಗಳು ಆ ದಾರಿ ಹಿಡಿಯಲಿಲ್ಲ, ಹಿಡಿಯಬೇಕಾಗಿಯೂ ಇರಲಿಲ್ಲ. 2007ರಲ್ಲಿ ಜರ್ಮನಿಯು ಯುರೋಪಿನಾದ್ಯಂತ ಸ್ವಸ್ತಿಕವನ್ನು ನಿಷೇಧಿಸಬೇಕೆಂದು ಹೊರಟಾಗ ಬ್ರಿಟನ್ನಿನ ಹಿಂದೂ ಸಂಘಟನೆಗಳು ಆಕ್ಷೇಪಿಸಿದವು, ಆ ಪ್ರಸ್ತಾಪ ಕೈಬಿಟ್ಟುಹೋಯಿತು. ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯ 2022ರಲ್ಲಿ ನಾಜಿ ಚಿಹ್ನೆಯ ಪ್ರದರ್ಶನವನ್ನು ಅಪರಾಧವೆಂದು ಸಾರುವಾಗ ಹಿಂದೂ, ಬೌದ್ಧ, ಜೈನರ ಬಳಕೆಯನ್ನು ಹೊರಗಿಟ್ಟಿತು. ಇನ್ನೊಂದೆಡೆ, ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟವು ತನ್ನ ಲಾಂಛನದಲ್ಲಿ ಸ್ವಸ್ತಿಕದ ಜಾಗದಲ್ಲಿ ಓಂಕಾರವನ್ನು ತಾನೇ ಇರಿಸಿಕೊಂಡಿತು. ಯಾರೂ ಬಲವಂತ ಮಾಡಿರಲಿಲ್ಲ, ಬಸದಿಗಳ ಒಳಗಿನ ಅಕ್ಕಿಯ ಸ್ವಸ್ತಿಕವನ್ನು ಯಾರೂ ಅಳಿಸಲೂ ಇಲ್ಲ. ನಿಮ್ಮ ಮಗಳು ದೇವರ ಕೋಣೆಗೂ ಬೀದಿಗೂ ನಡುವೆ ಎಳೆದ ಗೆರೆ ಇಂಥದೇ. ಅದನ್ನು ಬಚ್ಚಿಡುವುದು ಎಂದೇಕೆ ಕರೆಯಬೇಕು? ಎದುರುಮನೆಯಲ್ಲಿ ಯಾರಿದ್ದಾರೆ, ಅವರ ಅಜ್ಜ–ಅಜ್ಜಿಯರಿಗೆ ಏನಾಗಿತ್ತು ಎಂಬುದು ನಮಗೆ ತಿಳಿದಿರುವುದಿಲ್ಲವಷ್ಟೆ.

ಪ್ರಶ್ನೆ: ನಾಜಿಗಳದು ತಿರುಗುಮುರುಗಾದ ಸ್ವಸ್ತಿಕ, ನಮ್ಮದು ನೇರವಾದದ್ದು, ಆದ್ದರಿಂದ ಎರಡೂ ಬೇರೆ ಎಂದು ಹೇಳುವುದನ್ನು ಕೇಳಿದ್ದೇನೆ. ಇದು ನಿಜವೇ?
– ಹುಬ್ಬಳ್ಳಿಯ ಓದುಗರೊಬ್ಬರು

ಉತ್ತರ: ಅಲ್ಲ. ನಾಜಿ ಧ್ವಜದಲ್ಲಿದ್ದದ್ದೂ ನಾವು ಸಾಮಾನ್ಯವಾಗಿ ಬರೆಯುವಂಥ ಬಲಮುರಿ ಸ್ವಸ್ತಿಕವೇ, 45 ಡಿಗ್ರಿ ಓರೆಯಾಗಿ ನಿಲ್ಲಿಸಿದ್ದು. ಓರೆಯಾಗಿಸದೆ ನೇರವಾಗಿಯೂ ಅವರು ಬಳಸಿದ್ದುಂಟು, ಹಿಟ್ಲರನ ವೈಯಕ್ತಿಕ ಧ್ವಜದಲ್ಲಿ ಅದು ಹಾಗೆಯೇ ಇತ್ತು. ಎಡಮುರಿ ರೂಪ ಹೆಚ್ಚಾಗಿ ಕಾಣುವುದು ಜಪಾನಿನ ಬೌದ್ಧ ದೇವಾಲಯಗಳಲ್ಲಿ ಮತ್ತು ಅಲ್ಲಿನ ಭೂಪಟಗಳಲ್ಲಿ. ಬಣ್ಣ, ನಡುವಿನ ನಾಲ್ಕು ಚುಕ್ಕೆ, ಸುತ್ತಲಿನ ಹೂವು–ಅಕ್ಷತೆ, ಜೈನರಲ್ಲಾದರೆ ಮೇಲಿನ ಮೂರು ಬಿಂದು ಮತ್ತು ಅರ್ಧಚಂದ್ರ, ಇವೇ ನಮ್ಮದನ್ನು ಬೇರೆಯೆಂದು ತೋರಿಸುವುದು. ದಿಕ್ಕಿನ ವಾದವನ್ನು ಜರ್ಮನ್ ಪೊಲೀಸರ ಮುಂದೆ ಮಂಡಿಸಲು ಹೋಗಬೇಡಿ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಬೆಳಗಿನ ಪ್ರಾರ್ಥನೆಯ ವೇಳೆ ಮಕ್ಕಳು ಬಲಗೈ ಮುಂದೆ ಚಾಚಿ "ಭಾರತ ನನ್ನ ದೇಶ" ಎಂದು ಪ್ರತಿಜ್ಞೆ ಮಾಡುವ ಫೋಟೊವನ್ನು ನೋಡಿದ ವಿದೇಶದಲ್ಲಿರುವ ಬಂಧುವೊಬ್ಬರು ಗಾಬರಿಯಾಗಿ, ಇದನ್ನು ಅಳಿಸಿಬಿಡಿ ಎಂದರು. ನಮ್ಮ ಪದ್ಧತಿಯಲ್ಲಿ ತಪ್ಪೇನಿದೆ?
– ದಾವಣಗೆರೆ ಜಿಲ್ಲೆಯ ಓದುಗರೊಬ್ಬರು

ಉತ್ತರ: ತಪ್ಪೇನೂ ಇಲ್ಲ, ಗಾಬರಿಗೆ ಕಾರಣವೂ ಇದೆ: ಬಲಗೈ ಚಾಚುವ ಇಂಥದೇ ಭಂಗಿ ನಾಜಿಗಳ ವಂದನೆಯೂ ಆಗಿತ್ತು. ಕೈ ಚಾಚಿ ವಂದಿಸುವುದು ಪ್ರಾಚೀನ ರೋಮ್‌ನ ಪದ್ಧತಿಯೆಂದು ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಅನುಯಾಯಿಗಳು ಹೇಳಿಕೊಂಡರೂ, ಅಂಥ ವಂದನೆ ರೋಮನ್ನರಲ್ಲಿತ್ತು ಎಂಬುದಕ್ಕೆ ಗಟ್ಟಿಯಾದ ಪುರಾವೆ ಇಲ್ಲ. ಅದನ್ನು ಕಣ್ಣಿಗೆ ಕಟ್ಟುವಂತೆ ಮಾಡಿದ್ದು ಫ್ರೆಂಚ್ ಚಿತ್ರಕಾರ ಜಾಕ್ ಲೂಯಿ ದಾವಿದ್ 1784ರಲ್ಲಿ ಬರೆದ, ಮೂವರು ಸೋದರರು ತಂದೆಯ ಕತ್ತಿಗಳತ್ತ ಕೈಚಾಚಿ ಶಪಥ ಮಾಡುವ ಚಿತ್ರ. ಅಮೆರಿಕದಲ್ಲಿ 1892ರಲ್ಲಿ ಫ್ರಾನ್ಸಿಸ್ ಬೆಲಾಮಿ ಶಾಲಾಮಕ್ಕಳಿಗಾಗಿ ಧ್ವಜಪ್ರತಿಜ್ಞೆ ಬರೆದಾಗ, ಧ್ವಜದತ್ತ ಬಲಗೈ ಚಾಚುವುದು ಅದರ ಭಾಗವಾಗಿತ್ತು. ನಾಜಿ ಪಕ್ಷ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದಲೇ ಅಮೆರಿಕದ ಮಕ್ಕಳು ಹೀಗೆ ನಿಲ್ಲುತ್ತಿದ್ದರು. ಇಟಲಿಯಲ್ಲೂ ಜರ್ಮನಿಯಲ್ಲೂ ಅದೇ ಭಂಗಿ ಪಕ್ಷನಿಷ್ಠೆಯ ಗುರುತಾದ ಮೇಲೆ ಅಮೆರಿಕದ ತಾಯ್ತಂದೆಯರಿಗೆ ಮುಜುಗರವಾಗತೊಡಗಿತು. ಯುದ್ಧದ ನಡುವೆ, 1942ರ ಡಿಸೆಂಬರ್‌ನಲ್ಲಿ, ಅಲ್ಲಿನ ಸಂಸತ್ತು ಕಾನೂನು ತಿದ್ದಿ, ಕೈಯನ್ನು ಎದೆಯ ಮೇಲಿಡಬೇಕೆಂದು ಗೊತ್ತುಪಡಿಸಿತು. ಅರ್ಧ ಶತಮಾನದ ರೂಢಿ ಹೀಗೆ ಒಂದೇ ತಿದ್ದುಪಡಿಯಲ್ಲಿ ಮುಗಿಯಿತು.

ನಮ್ಮ ಪ್ರತಿಜ್ಞೆಯ ಕಥೆ ಬೇರೆ. ಪೈಡಿಮರ್ರಿ ವೆಂಕಟ ಸುಬ್ಬರಾವ್ ಅದನ್ನು 1962ರಲ್ಲಿ ತೆಲುಗಿನಲ್ಲಿ ಬರೆದರು. 1965ರ ಜನವರಿ 26ರಿಂದ ಅದು ದೇಶದ ಶಾಲೆಗಳಿಗೆ ಬಂತು. ಅದರ ಪಠ್ಯದಲ್ಲಿ ಕೈಯ ಮಾತೇ ಇಲ್ಲ. "ಭಾರತೀಯರೆಲ್ಲರೂ ನನ್ನ ಸಹೋದರ ಸಹೋದರಿಯರು" ಎನ್ನುವ ಮಗುವಿನ ಚಾಚಿದ ಕೈಯನ್ನು ದಾವಣಗೆರೆಯಲ್ಲಿ ಯಾರೂ ಬೇರೆ ರೀತಿ ಓದುವುದಿಲ್ಲ. ಆದ್ದರಿಂದ ನೀವು ಪ್ರಾರ್ಥನೆಯ ಪದ್ಧತಿಯನ್ನು ಬದಲಿಸಬೇಕಾಗಿಲ್ಲ. ಫೋಟೊದ ವಿಷಯದಲ್ಲಿ ಮಾತ್ರ ಸ್ವಲ್ಪ ವಿವೇಚನೆ ಇರಲಿ: ಮಾತಿಲ್ಲದೆ, ಭಂಗಿ ಮಾತ್ರ ಕಾಣುವ ಚಿತ್ರ ಎಲ್ಲಿಗೆ ತಲುಪುತ್ತದೆಯೋ ಹೇಳಲಾಗದು. ಅದರ ಕೆಳಗೆ ಇದು ರಾಷ್ಟ್ರೀಯ ಪ್ರತಿಜ್ಞೆಯ ಸಮಯವೆಂದು ಒಂದು ಸಾಲು ಬರೆದರೆ ನಿಮ್ಮ ಬಂಧುವಿನ ಗಾಬರಿಯೂ ಕಡಿಮೆಯಾದೀತು.

ಪ್ರಶ್ನೆ: ಉಗ್ರಗಾಮಿಗಳ ಕೈಗೆ ಸಿಕ್ಕ ಗುರುತು ಮತ್ತೆ ಜನರ ಕೈಗೆ ಮರಳಿದ ಉದಾಹರಣೆ ಇದೆಯೇ? ಪ್ರತಿಯೊಂದಕ್ಕೂ ಹೆದರುತ್ತ ಹೋದರೆ ನಮಗೆ ಉಳಿಯುವುದಾದರೂ ಏನು?
– ಬೆಂಗಳೂರಿನ ಕಾಲೇಜು ವಿದ್ಯಾರ್ಥಿ

ಉತ್ತರ: ಇದೆ. ಇಂಗ್ಲೆಂಡಿನ ಸೇಂಟ್ ಜಾರ್ಜ್ ಶಿಲುಬೆಯ ಬಾವುಟಕ್ಕೆ ಬಲಪಂಥೀಯ ಉಗ್ರರ ನಂಟು ಅಂಟಿಕೊಂಡಿತ್ತು. 1996ರ ಯುರೋ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಸಾಮಾನ್ಯ ಪ್ರೇಕ್ಷಕರು ಅದನ್ನು ಕೈಗಳಲ್ಲಿ ಹಿಡಿದು, ಕೆನ್ನೆಗಳ ಮೇಲೆ ಬಳಿದುಕೊಂಡು ಬಂದ ಮೇಲೆ ಆ ನಂಟು ಬಹಳಷ್ಟು ಸಡಿಲವಾಯಿತು. (ಇಂಥ ಗೆಲುವು ಕಾಯಂ ಅಲ್ಲ, ಎಳೆದಾಟ ಅಲ್ಲಿ ಈಗಲೂ ಇದೆ.) ಮ್ಯಾಟ್ ಫ್ಯೂರಿ ಎಂಬ ಅಮೆರಿಕದ ವ್ಯಂಗ್ಯಚಿತ್ರಕಾರ ರಚಿಸಿದ ಪೆಪೆ ಎಂಬ ಕಪ್ಪೆಯನ್ನು ಅಲ್ಲಿನ ಜನಾಂಗವಾದಿಗಳು ಎತ್ತಿಕೊಂಡ ಕಾರಣ, 2016ರಲ್ಲಿ ಯಹೂದ್ಯರ ಹಕ್ಕುಗಳ ಸಂಸ್ಥೆಯೊಂದು ಅದನ್ನು ದ್ವೇಷಚಿಹ್ನೆಗಳ ಪಟ್ಟಿಗೆ ಸೇರಿಸಿತು. 2019ರಲ್ಲಿ ಅದೇ ಕಪ್ಪೆ ಹಾಂಕಾಂಗಿನ ಪ್ರಜಾಪ್ರಭುತ್ವ ಹೋರಾಟಗಾರರ ಭಿತ್ತಿಚಿತ್ರಗಳಲ್ಲಿ ನಗುತ್ತಿತ್ತು. ಅಲ್ಲಿನ ಹಲವು ಯುವಕರಿಗೆ ಅಮೆರಿಕದ ರಗಳೆಯ ಅರಿವೇ ಇರಲಿಲ್ಲ. ಬ್ರಿಟನ್ನಿನ ಫ್ರೆಡ್ ಪೆರಿ ಉಡುಪು ಕಂಪನಿ ಮಾತ್ರ ಬೇರೆ ಹಾದಿ ಹಿಡಿಯಿತು: 'ಪ್ರೌಡ್ ಬಾಯ್ಸ್' ಎಂಬ ಬಲಪಂಥೀಯ ಉಗ್ರರ ಗುಂಪಿನವರು ತನ್ನ ಕಪ್ಪು–ಹಳದಿ ಅಂಗಿಯನ್ನು ಸಮವಸ್ತ್ರದಂತೆ ತೊಡುವುದನ್ನು ಕಂಡು, ಅಮೆರಿಕ ಮತ್ತು ಕೆನಡಾದಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿರುವುದಾಗಿ 2020ರಲ್ಲಿ ಪ್ರಕಟಿಸಿತು. ಅಂಗಿಯ ಬಣ್ಣ ಬಿಟ್ಟರೆ ಕಂಪನಿಗೆ ಸ್ವಲ್ಪ ನಷ್ಟ, ಅಷ್ಟೆ. ಪೂಜೆಯ ಗುರುತನ್ನು ಹಾಗೆ ಬಿಡಲಾಗುವುದಿಲ್ಲ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದಿಷ್ಟು. ಸಣ್ಣ ಗುಂಪು ಕಸಿದುಕೊಂಡದ್ದನ್ನು, ಅದಕ್ಕಿಂತ ದೊಡ್ಡ ಸಂಖ್ಯೆಯ ಜನ ಬೇರೆ ಅರ್ಥದಲ್ಲಿ ಬಳಸುತ್ತಲೇ ಇದ್ದರೆ ಮರಳಿ ಪಡೆಯಬಹುದು. ಒಂದು ರಾಜ್ಯಶಕ್ತಿಯೇ ಕಸಿದು ಅದರ ಹೆಸರಿನಲ್ಲಿ ಸಾಮೂಹಿಕ ಹತ್ಯೆ ನಡೆಸಿದ್ದರೆ, ಆ ಹತ್ಯೆ ನಡೆದ ನೆಲದಲ್ಲಿ ಮಾತ್ರ ವಾದದಿಂದಾಗಲಿ ಸಂಖ್ಯೆಯಿಂದಾಗಲಿ ಮರಳಿ ಪಡೆಯುವುದು ಆಗದ ಕೆಲಸ. ಬೆಂಗಳೂರಿನಲ್ಲಿ ಸ್ವಸ್ತಿಕವನ್ನು ಮರಳಿ ಪಡೆಯುವ ಪ್ರಶ್ನೆಯೇ ಇಲ್ಲ, ಏಕೆಂದರೆ ಇಲ್ಲಿ ಅದು ಕೈತಪ್ಪಿ ಹೋಗಿರಲೇ ಇಲ್ಲ. ದೀಪಾವಳಿಯ ಹೊಸ ಲೆಕ್ಕಪುಸ್ತಕದ ಮೊದಲ ಪುಟದಲ್ಲಿ ಬರೆಯುವವರು ಯಾರನ್ನೂ ಕೇಳಬೇಕಾಗಿಲ್ಲ.

ಪ್ರಶ್ನೆ: ಕೆಲಸದ ಮೇಲೆ ಜರ್ಮನಿಗೆ ಹೊರಟಿದ್ದೇನೆ. ಸ್ವಸ್ತಿಕವಿರುವ ಪದಕ ಕೊರಳಲ್ಲಿದೆ, ಪೂಜೆಯ ಬೆಳ್ಳಿತಟ್ಟೆಯ ಮೇಲೂ ಇದೆ. ಒಯ್ಯಬಹುದೇ? ಅಲ್ಲಿ ಕಾರು ಕೊಂಡರೆ ವಾಹನಪೂಜೆ ಮಾಡಬಹುದೇ?
– ಮೂಡಬಿದಿರೆಯ ಓದುಗರೊಬ್ಬರು

ಉತ್ತರ: ಪೂಜೆಯ ತಟ್ಟೆಯನ್ನು ಉಳಿದ ಪೂಜಾ ಸಾಮಗ್ರಿಗಳ ಜೊತೆಗೇ ಕಟ್ಟಿಕೊಳ್ಳಿ, ದೀಪ, ಗಂಟೆಗಳ ನಡುವೆ ಅದರ ಉದ್ದೇಶ ತಾನೇ ಕಾಣುತ್ತದೆ. ಪದಕವು ಅಂಗಿಯ ಒಳಗಿರಲಿ. ವಾಹನಪೂಜೆ ಧಾರಾಳವಾಗಿ ಮಾಡಿ, ಚಕ್ರದಡಿ ನಿಂಬೆಹಣ್ಣು ಇಡಿ, ಆದರೆ ಬಾನೆಟ್ಟಿನ ಮೇಲೆ ಸ್ವಸ್ತಿಕದ ಬದಲು ಓಂ ಬರೆಯಿರಿ. ಇನ್ನೊಂದು ಮಾತು: ಅಲ್ಲಿ ಕಾರಿನ ನೋಂದಣಿ ಫಲಕಕ್ಕೂ ನಾಜಿ ಆಡಳಿತವನ್ನು ನೆನಪಿಸುವ ಎಸ್‌ಎಸ್, ಎಸ್‌ಎ, ಎನ್‌ಎಸ್, ಕೆಜೆಡ್, ಎಚ್‌ಜೆ ಎಂಬ ಅಕ್ಷರಜೋಡಿಗಳನ್ನು ಕೊಡುವುದಿಲ್ಲ. ನಿಮ್ಮ ಹೆಸರಿನ ಮೊದಲಕ್ಷರಗಳು ಅವೇ ಆಗಿದ್ದರೆ ಬೇರೆ ಅಕ್ಷರಗಳನ್ನು ಮೊದಲೇ ಆರಿಸಿಟ್ಟುಕೊಳ್ಳಿ.