ಪುಣೆಯಲ್ಲಿ ನನ್ನ ಪ್ರೀಮಿಯರ್ ಪದ್ಮಿನಿ ಕಾರಿನ ಮುಂಭಾಗದ ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸಿದೆ. ಈಗ ಹಂಪ್ ಮೇಲೆ ದಡ್ ಅನ್ನುತ್ತೆ, ಟೈರ್ ಒಳಗಡೆ ಸವೆಯುತ್ತೆ, ಯಾಕೆ?
ಬಹುಮಟ್ಟಿಗೆ ಆ ಕತ್ತರಿಸಿದ ಸ್ಪ್ರಿಂಗೇ ಕಾರಣ. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಡುಸಾಗುತ್ತದೆ, ಆದರೆ ಆರ್ಮ್ (ಚಕ್ರವನ್ನು ಹಿಡಿದಿರುವ ತೋಳು) ಮೇಲೇಳಲು ಜಾಗ ಉಳಿಯುವುದಿಲ್ಲ. ಹಂಪ್ ಸಿಕ್ಕಾಗ ನೇರವಾಗಿ ಬಂಪ್ ಸ್ಟಾಪ್‌ಗೆ, ಅಂದರೆ ಆರ್ಮ್ ಅನ್ನು ತಡೆಯುವ ರಬ್ಬರ್ ತುಂಡಿಗೆ, ಬಡಿಯುತ್ತದೆ. ಚಕ್ರದ ಮೇಲ್ಭಾಗವೂ ಒಳಕ್ಕೆ ವಾಲುವುದರಿಂದ ಟೈರಿನ ಒಳಅಂಚು ಸವೆಯುತ್ತದೆ. ಕತ್ತರಿಸದ ಸ್ಪ್ರಿಂಗ್ ಹಾಕಿಸುವುದೇ ಸರಿ.

ಅದಕ್ಕೂ ಮೊದಲು ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಪಿನ್) ನೋಡಿಬಿಡಿ, ಗ್ರೀಸ್ ಕಾಣದೆ ಸವೆದಿರಬಹುದು. ಕೆಳಗಿನ ಆರ್ಮ್‌ಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿ. ಪ್ಲೇ (ಸಡಿಲ ಅಲುಗಾಟ) ಇದ್ದರೆ ಇನ್ನೊಬ್ಬರಿಂದ ಬ್ರೇಕ್ ತುಳಿಸಿ: ಅಲುಗಾಟ ನಿಂತರೆ ಬೇರಿಂಗ್ ಸಡಿಲ, ನಿಲ್ಲದಿದ್ದರೆ ಕಿಂಗ್‌ಪಿನ್ ಅಥವಾ ಬುಷ್ (ಕೀಲುಗಳೊಳಗಿನ ಕೊಳವೆಯಂಥ ಭಾಗ) ಸವೆದಿದೆ.

ರಬ್ಬರ್ ಬುಷ್ ಬದಲಿಸಿದರೆ ಕಾರನ್ನು ನೆಲಕ್ಕಿಳಿಸಿದ ಮೇಲೆಯೇ ಬೋಲ್ಟ್ ಪೂರ್ತಿ ಬಿಗಿಸಿ. ಎತ್ತಿರುವಾಗ ಬಿಗಿಸಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ವೀಲ್ ಅಲೈನ್‌ಮೆಂಟ್ ಇಷ್ಟೆಲ್ಲ ಆದ ಮೇಲೆ.